ಚಳಿಗಾಲದ ಟ್ರ್ಯಾಪ್: ಹಾಸು ಗಟ್ಟಿ ಇರಬೇಕು, ಹೊದಿಕೆ ಸಡಿಲ ಇರಬೇಕು

ಕೆನಡಾದ ಸಸ್ಕಾಚೆವಾನ್, ಆಲ್ಬರ್ಟಾ ಬಯಲುಗಳಲ್ಲಿ, ಅಮೆರಿಕದ ಡಕೋಟಾ ಕಡೆ ತುಪ್ಪಳಕ್ಕಾಗಿ ಕಯೋಟಿ (ತೋಳದ ಜಾತಿಯ, ಅದಕ್ಕಿಂತ ಚಿಕ್ಕ ಕಾಡುಪ್ರಾಣಿ) ಮತ್ತು ಕೆಂಪು ನರಿ ಹಿಡಿಯುವುದು ಚಳಿಗಾಲದಲ್ಲಿ. ಚಳಿ ಬಲಿತ ಮೇಲೆಯೇ ಪ್ರಾಣಿಯ ಮೈಮೇಲೆ ದಟ್ಟ ತುಪ್ಪಳ ಬರುತ್ತದೆ, ಬೆಲೆ ಇರುವುದೂ ಆಗಲೇ. ಆದರೆ ನೆಲದಲ್ಲಿ ಹೂತಿಟ್ಟ ಕಬ್ಬಿಣದ ಟ್ರ್ಯಾಪ್ ಕೈಕೊಡುವ ಕಾಲವೂ ಅದೇ. ಹಗಲು ಬಿಸಿಲಿಗೆ ಮೇಲಿನ ಹಿಮ ಸ್ವಲ್ಪ ಕರಗುತ್ತದೆ. ನೀರು ಮಣ್ಣಿನೊಳಗೆ ಇಳಿಯುತ್ತದೆ. ರಾತ್ರಿ ಮೈನಸ್ 20 ಡಿಗ್ರಿ ಆದರೆ ಆ ಮಣ್ಣು ಬಿಲ್ಲೆಯಂತೆ ಗಟ್ಟಿಯಾಗುತ್ತದೆ. ಕಯೋಟಿ ಅದರ ಮೇಲೇ ನಡೆದು ಹೋದರೂ ಏನೂ ಆಗುವುದಿಲ್ಲ.

ಹಾಗಾಗಿ ಅಲ್ಲಿನ ಟ್ರ್ಯಾಪರ್‌ಗಳು ಚಳಿಗಾಲದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಯಾವ ಟ್ರ್ಯಾಪ್ ಕೊಳ್ಳಬೇಕು ಅಂತಲ್ಲ. ಅದರ ಕೆಳಗೆ ಏನು ಹಾಕಬೇಕು, ಮೇಲೆ ಏನು ಮುಚ್ಚಬೇಕು ಅಂತ. ಒಣ ಮಣ್ಣಾ, ಪೀಟ್ ಮಾಸಾ (ಜೌಗು ನೆಲದಿಂದ ತೆಗೆದ ಹಳೆಯ ಪಾಚಿ), ಹೊಟ್ಟಾ, ತರಗೆಲೆಯಾ, ಹಿಮವನ್ನೇ ಹಾಕೋದಾ? ಕೇಳುವುದಕ್ಕೆ ಸಣ್ಣ ವಿಷಯ. ಒಳಗೆ ಹೋದರೆ ಮಣ್ಣು, ನೀರು, ಹಿಮ ಮೂರೂ ಹೇಗೆ ನಡೆದುಕೊಳ್ಳುತ್ತವೆ ಅನ್ನುವ ಒಳ್ಳೆಯ ಪಾಠ ಇದರಲ್ಲಿದೆ.

ಮುಂದೆ ಹೋಗುವ ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ಉತ್ತರ ಅಮೆರಿಕದ ವಿಷಯ. ಹಡ್ಸನ್ಸ್ ಬೇ ಕಂಪನಿಗೆ ಇಂಗ್ಲೆಂಡಿನ ರಾಜನ ಸನ್ನದು ಸಿಕ್ಕಿದ್ದು 1670ರಲ್ಲಿ. ಕ್ರೀ, ಡೆನೆ ಮುಂತಾದ ಮೂಲನಿವಾಸಿಗಳು ಪ್ರಾಣಿ ಹಿಡಿಯುವ ವಿದ್ಯೆ ಕಲಿತದ್ದು ಅದಕ್ಕೂ ಎಷ್ಟೋ ಹಿಂದೆ. ಈಗಲೂ ಅಲ್ಲಿ ಲೈಸೆನ್ಸ್ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ ಈ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಟ್ರ್ಯಾಪ್ ಇಡುವುದು, ಉರುಳು ಹಾಕುವುದು ಎಲ್ಲವೂ ಬೇಟೆಯೇ. ಕಾಡುಹಂದಿಗೆ ಅಂತ ತೋಟದ ಬೇಲಿಗೆ ಕಟ್ಟಿದ ತಂತಿಯ ಉರುಳಿಗೆ ಚಿರತೆ ಸಿಕ್ಕಿ ಸಾಯುವ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ಇಲ್ಲಿರುವುದು ತಿಳಿಯುವುದಕ್ಕೆ, ನಮ್ಮ ಕಾಡಂಚಿನಲ್ಲಿ ಮಾಡಿ ನೋಡುವುದಕ್ಕಲ್ಲ.

ಟ್ರ್ಯಾಪ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ನೋಡೋಣ. ಇಲ್ಲಿ ಹೇಳುತ್ತಿರುವುದು ಕಾಲು ಹಿಡಿಯುವ ಟ್ರ್ಯಾಪ್ ಬಗ್ಗೆ. ಎರಡು ಅರ್ಧ ಬಳೆಯಾಕಾರದ ಕಬ್ಬಿಣದ ದವಡೆಗಳು. ಅವನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್‌ಗಳು. ನಡುವೆ ಒಂದು ಸಣ್ಣ ತಟ್ಟೆ, ಅದಕ್ಕೆ ಪ್ಯಾನ್ ಅನ್ನುತ್ತಾರೆ. ಬಿಡಿಸಿಟ್ಟಾಗ ದವಡೆಗಳು ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಕಯೋಟಿಗೆ ಬಳಸುವ ಟ್ರ್ಯಾಪಿನ ದವಡೆ ಬಿಚ್ಚಿದಾಗ ಸುಮಾರು 14-15 ಸೆಂಟಿಮೀಟರ್ ಅಗಲ. ಪ್ರಾಣಿ ಪ್ಯಾನ್ ಮೇಲೆ ಕಾಲಿಟ್ಟರೆ ಅದು ಸ್ವಲ್ಪ ಕೆಳಗೆ ಇಳಿಯಬೇಕು. ಇಳಿದರೆ ಕೊಂಡಿ ಕಳಚಿ ದವಡೆಗಳು ಮೇಲೆದ್ದು ಮುಚ್ಚಿಕೊಳ್ಳುತ್ತವೆ. ಅಂದರೆ ಎರಡು ಚಲನೆ ಆಗಬೇಕು. ಪ್ಯಾನ್ ಇಳಿಯಬೇಕು, ದವಡೆ ಏಳಬೇಕು. ಚಳಿಗಾಲದಲ್ಲಿ ಈ ಎರಡನ್ನೂ ಮಂಜುಗಡ್ಡೆ ತಡೆಯುತ್ತದೆ.

ಈಗ ಹಾಸಿನ ವಿಷಯ. ಟ್ರ್ಯಾಪ್ ಕೂರುವ ಗುಳಿಯ ತಳ ಮತ್ತು ಸುತ್ತಲಿನ ಭರ್ತಿ ಎರಡೂ ಸೇರಿ ಹಾಸು. ಅದರ ಕೆಲಸ ಒಂದೇ: ಟ್ರ್ಯಾಪ್ ಅಲುಗಾಡದ ಹಾಗೆ ಹಿಡಿಯುವುದು. ಕಯೋಟಿ ಪ್ಯಾನ್ ಮೇಲೇ ಕಾಲಿಡುತ್ತದೆ ಅಂತ ಯಾರೂ ಹೇಳಲಾಗದು. ದವಡೆಯ ಅಂಚಿನ ಮೇಲೋ ಸ್ಪ್ರಿಂಗ್ ಮೇಲೋ ಇಡಬಹುದು. ಆಗ ಕಬ್ಬಿಣ ಒಂದು ಕಡೆ ಕುಸಿದು ಇನ್ನೊಂದು ಕಡೆ ಎದ್ದರೆ ಮುಗಿಯಿತು. ಅಂಗಾಲಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕಯೋಟಿ ಹಿಂದೆ ಸರಿದು, ಪಕ್ಕದಿಂದ ಕೆರೆದು, ಟ್ರ್ಯಾಪನ್ನು ಹೊರಗೆಳೆದು ಹೋಗುತ್ತದೆ. ಮತ್ತೆ ಅದು ಅಂಥ ಜಾಗಕ್ಕೆ ಸುಲಭವಾಗಿ ಬರುವುದಿಲ್ಲ.

ಚೆನ್ನಾಗಿ ಕೂರಿಸುವವರ ಕೈಯನ್ನು ಹತ್ತಿರದಿಂದ ನೋಡಬೇಕು. ಗುಳಿಯನ್ನು ಟ್ರ್ಯಾಪಿಗಿಂತ ಒಂದಿಷ್ಟೇ ದೊಡ್ಡದಾಗಿ ತೆಗೆಯುತ್ತಾರೆ. ತಳಕ್ಕೆ ಒಂದೆರಡು ಹಿಡಿ ಒಣ ಮಣ್ಣು ಹಾಕುತ್ತಾರೆ. ಟ್ರ್ಯಾಪ್ ಇಟ್ಟು ಅದನ್ನು ಆ ಕಡೆ ಈ ಕಡೆ ತಿರುವುತ್ತಾ ಒತ್ತಿ ಕೂರಿಸುತ್ತಾರೆ. ಆಮೇಲೆ ದವಡೆಗಳ ಹೊರಗೆ ಸುತ್ತಲೂ ಮಣ್ಣು ತುಂಬಿ ಬೆರಳ ತುದಿಯಿಂದ ಗಟ್ಟಿಯಾಗಿ ಮೆಟ್ಟುತ್ತಾರೆ. ಆಮೇಲೆ ಪರೀಕ್ಷೆ. ದವಡೆಯ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ, ಎದುರಿನ ಮೂಲೆ ಅಲುಗಿತಾ ಅಂತ ನೋಡುತ್ತಾರೆ. ಸ್ಪ್ರಿಂಗ್ ಕಡೆಯೂ ಹಾಗೆಯೇ. ಎಲ್ಲಿ ಒತ್ತಿದರೂ ನೆಲದ ಹಾಗೇ ಇರಬೇಕು. ಕೂದಲೆಳೆಯಷ್ಟು ಅಲುಗಿದರೂ ತೆಗೆದು ಮತ್ತೆ ಕೂರಿಸುತ್ತಾರೆ. ಹೀಗೆ ಒತ್ತುವಾಗ ಬೆರಳು ಯಾವತ್ತೂ ದವಡೆಯ ಹೊರಗೇ ಇರಬೇಕು.

ಹೊದಿಕೆಯದ್ದು ಪೂರ್ತಿ ಉಲ್ಟಾ ಲೆಕ್ಕ. ಅದು ತೆಳ್ಳಗಿರಬೇಕು, ಸಾಮಾನ್ಯವಾಗಿ 6ರಿಂದ 12 ಮಿಲಿಮೀಟರ್. ಸಡಿಲ ಇರಬೇಕು. ದವಡೆ ಎದ್ದಾಗ ಹಾರಿಹೋಗುವಷ್ಟು ಹಗುರ ಇರಬೇಕು. ಕಲ್ಲು, ಕಡ್ಡಿ ಇರಲೇಬಾರದು. ಒಂದು ಬಟಾಣಿಯಷ್ಟು ಕಲ್ಲು ದವಡೆಗಳ ನಡುವೆ ಸಿಕ್ಕರೆ ಅವು ಪೂರ್ತಿ ಮುಚ್ಚುವುದಿಲ್ಲ. ಅದಕ್ಕೇ ಹೊದಿಕೆಯನ್ನು ಜರಡಿ ಹಿಡಿದು ಉದುರಿಸುತ್ತಾರೆ. ಸುತ್ತಲಿನ ನೆಲದ ಬಣ್ಣಕ್ಕೂ ಹೊಂದಬೇಕು.

ಗೊಂದಲ ಶುರುವಾಗುವುದೇ ಇಲ್ಲಿ. ಹಾಸಿಗೆ ಗಟ್ಟಿತನ ಬೇಕು, ಹೊದಿಕೆಗೆ ಸಡಿಲತನ ಬೇಕು. ಒಂದೇ ವಸ್ತು ಎರಡಕ್ಕೂ ಒಗ್ಗುವುದು ಅಪರೂಪ. "ಚಳಿಗಾಲಕ್ಕೆ ಯಾವುದು ಬೆಸ್ಟ್?" ಅಂತ ಕೇಳಿದರೆ ಒಬ್ಬರು ಪೀಟ್ ಅನ್ನುತ್ತಾರೆ, ಇನ್ನೊಬ್ಬರು ಪೀಟ್ ಮುಟ್ಟಲೇಬೇಡಿ ಅನ್ನುತ್ತಾರೆ. ಇಬ್ಬರೂ ಸರಿಯೇ. ಒಬ್ಬರು ಹೊದಿಕೆಯ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಹಾಸಿನ ಮಾತು. ನನ್ನ ಪ್ರಕಾರ ಯಾವ ವಸ್ತುವನ್ನೇ ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದದ್ದು ಒಂದೇ: ಇದು ನೀರಿನ ಜೊತೆ ಏನು ಮಾಡುತ್ತದೆ?

ಮಣ್ಣು ಹೆಪ್ಪುಗಟ್ಟುತ್ತದೆ ಅಂತೀವಲ್ಲ, ನಿಜವಾಗಿ ಹೆಪ್ಪುಗಟ್ಟುವುದು ಮಣ್ಣಿನ ಕಣಗಳ ನಡುವಿನ ನೀರು. ಆ ನೀರು ಮಂಜುಗಡ್ಡೆಯಾಗಿ ಕಣಕ್ಕೆ ಕಣ ಅಂಟಿಸುತ್ತದೆ. ನೀರೇ ಇಲ್ಲದ ಮಣ್ಣು ಮೈನಸ್ 40ಕ್ಕೆ ಹೋದರೂ ಪುಡಿಯಾಗಿಯೇ ಇರುತ್ತದೆ. ಜೊತೆಗೆ ನೀರು ಹೆಪ್ಪುಗಟ್ಟುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದಿದೆ. ನೆಲದ ಮೇಲ್ಪದರ ಹೆಪ್ಪುಗಟ್ಟುತ್ತಾ ಹೋದಂತೆ ಕೆಳಗಿನ ಒದ್ದೆ ಮಣ್ಣಿನಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಬಂದ ನೀರು ಪದರ ಪದರವಾಗಿ ಮಂಜುಗಡ್ಡೆಯಾಗಿ ನೆಲವನ್ನೇ ಎತ್ತುತ್ತದೆ. ನೆಲ ಉಬ್ಬುವುದಕ್ಕೆ ಬರೀ ನೀರಿನ ಹಿಗ್ಗುವಿಕೆ ಕಾರಣವಲ್ಲ ಅಂತ 1930ರ ಹೊತ್ತಿಗೇ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಪ್ರಯೋಗ ಮಾಡಿ ತೋರಿಸಿದ್ದರು. ನೀರಿನ ಬದಲು ಹೆಪ್ಪುಗಟ್ಟಿದಾಗ ಕುಗ್ಗುವ ಬೆಂಜೀನ್ ಹಾಕಿದರೂ ಮಣ್ಣು ಉಬ್ಬಿತ್ತು!

ಇದರಲ್ಲಿ ಮೆಕ್ಕಲು ಮಣ್ಣೇ ಎಲ್ಲಕ್ಕಿಂತ ಕೆಟ್ಟದ್ದು. ಅದರ ಕಣ ನೀರನ್ನು ಮೇಲಕ್ಕೆ ಎಳೆಯುವಷ್ಟು ಸಣ್ಣದು, ನೀರು ಸರಾಗವಾಗಿ ಹರಿಯುವಷ್ಟು ದೊಡ್ಡದು. ಅಪ್ಪಟ ಜೇಡಿ ಮಣ್ಣಿನಲ್ಲಿ ನೀರು ಬಹಳ ನಿಧಾನ. ದಪ್ಪ ಮರಳಿನಲ್ಲಿ ನೀರು ಮೇಲೇರುವುದೇ ಕಷ್ಟ. ಟ್ರ್ಯಾಪ್ ಅಡಿಗೆ ಒಂದು ಪದರ ದಪ್ಪ ಮರಳೋ ಸಣ್ಣ ಜಲ್ಲಿಯೋ ಹಾಕಿದರೆ ಕೆಳಗಿನ ತೇವ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿನ ರಸ್ತೆ ಕಟ್ಟುವವರೂ ಇದೇ ಕಾರಣಕ್ಕೆ ಡಾಂಬರಿನ ಕೆಳಗೆ ಜಲ್ಲಿ ಹಾಸುತ್ತಾರೆ.

ವಸ್ತುಗಳ ಪೈಕಿ ನನ್ನ ಮೊದಲ ಓಟು ಒಣ ಮಣ್ಣಿಗೆ. ಅದು ಹಾಸಿಗೂ ಆಗುತ್ತದೆ, ಹೊದಿಕೆಗೂ ಆಗುತ್ತದೆ. ಮೆಟ್ಟಿದರೆ ಗಟ್ಟಿ, ಜರಡಿ ಹಿಡಿದರೆ ಸಡಿಲ. ಆ ಜಾಗದ ಮಣ್ಣೇ ಆದರೆ ವಾಸನೆಯೂ ಬಣ್ಣವೂ ಬೇರೆ ಆಗುವುದಿಲ್ಲ. ತೊಂದರೆ ಏನಂದರೆ ಡಿಸೆಂಬರಿನಲ್ಲಿ ಒಣ ಮಣ್ಣು ಹುಡುಕಿದರೆ ಸಿಗುವುದಿಲ್ಲ. ಆಗಸ್ಟ್-ಸೆಪ್ಟೆಂಬರಿನಲ್ಲೇ ತಯಾರಿ ಆಗಬೇಕು. ಬಿಸಿಲಿಗೆ ಟಾರ್ಪಾಲಿನ್ ಹಾಸಿ, ತೆಳ್ಳಗೆ ಮಣ್ಣು ಹರಡಿ, ದಿನವೂ ಕೆದಕಿ ಒಣಗಿಸುತ್ತಾರೆ. ಆಮೇಲೆ ಜರಡಿ ಹಿಡಿದು ಮುಚ್ಚಳ ಇರುವ ಡ್ರಮ್ಮಿಗೆ ತುಂಬುತ್ತಾರೆ. ಕೈಗೆ ಒಣಗಿದ ಹಾಗೆ ಅನ್ನಿಸಿದರೆ ಸಾಲದು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಉಂಡೆ ನಿಂತರೆ ಇನ್ನೂ ಪಸೆ ಇದೆ ಅಂತ. ಬೆರಳ ಸಂದಿಯಿಂದ ಸೋರಿಹೋದರೆ ಸರಿ. ಹಾಗೆ ಮಾಡಿಟ್ಟುಕೊಳ್ಳದವರು ಹಳೇ ಕೊಟ್ಟಿಗೆಯ ಒಳನೆಲ, ಬಂಡೆ ಚಾಚಿನ ಕೆಳಗೆ, ಬುಡಮೇಲಾದ ಮರದ ಬೇರಿನ ಅಡಿ, ಇಂಥ ಮಳೆ ಬೀಳದ ಜಾಗ ನೋಡುತ್ತಾರೆ.

ಮಣ್ಣಿಗೆ ಮೇಣ ಬೆರೆಸುವ ಉಪಾಯವೂ ಇದೆ. ಚೆನ್ನಾಗಿ ಒಣಗಿದ ಮಣ್ಣನ್ನೋ ಮರಳನ್ನೋ ಬಿಸಿ ಮಾಡಿ, ಪ್ಯಾರಾಫಿನ್ ಮೇಣದ ಚೂರು ಹಾಕಿ ಕಲಸುತ್ತಾರೆ. ಮೇಣ ಕರಗಿ ಕಣಕಣಕ್ಕೂ ತೆಳ್ಳಗೆ ಅಂಟಿಕೊಳ್ಳುತ್ತದೆ. ಮೇಲೆ ನೀರು ಬಿದ್ದರೆ ಹನಿಯಾಗಿ ಉರುಳುತ್ತದೆ, ಒಳಗೆ ಇಳಿಯುವುದಿಲ್ಲ. ಮರಳು ಮಿಶ್ರಿತ ಮಣ್ಣಿಗೆ ಕಡಿಮೆ ಮೇಣ ಸಾಕು. ಜೇಡಿಗೆ ಜಾಸ್ತಿ ಬೇಕು, ಕಣ ಸಣ್ಣದಾದಷ್ಟೂ ಮೇಣ ಬಳಿಯಬೇಕಾದ ಮೈ ಜಾಸ್ತಿ ಅಲ್ವಾ? ಇದನ್ನು ಪೂರ್ತಿ ನೈಸರ್ಗಿಕ ಅನ್ನಲಾಗದು, ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬರುವುದು. ಆದರೂ ಕರಗಿ ಹೆಪ್ಪುಗಟ್ಟುವ ಆಟ ದಿನವೂ ನಡೆಯುವ ಕಡೆ ಇದಕ್ಕೆ ಸಾಟಿ ಕಡಿಮೆ. ಇದಕ್ಕೂ ಒಂದು ಮಿತಿ ಇದೆ. ಮಣ್ಣು ಹೆಪ್ಪುಗಟ್ಟದಿದ್ದರೂ ಅದರ ಮೇಲೆ ಬಿದ್ದ ಹಿಮ ಕರಗಿ ಮತ್ತೆ ಗಟ್ಟಿಯಾದರೆ ಆ ಪದರವೇ ಪ್ಯಾನನ್ನು ತಡೆಯುತ್ತದೆ.

ಪೀಟ್ ಮಾಸ್ ಅಂದರೆ ಜೌಗು ನೆಲದಲ್ಲಿ ಸ್ಫ್ಯಾಗ್ನಂ ಎಂಬ ಪಾಚಿ ಸಾವಿರಾರು ವರ್ಷ ಕೊಳೆತೂ ಕೊಳೆಯದೆ ಉಳಿದದ್ದು. ನಮ್ಮ ನರ್ಸರಿಗಳಲ್ಲಿ ಕೊಕೊಪೀಟ್ ಮಾಡುವ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ. ಕೆನಡಾದಲ್ಲಿ ಹೇರಳವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಹಗುರ, ಕಲ್ಲಿಲ್ಲ, ಒಣಗಿದ್ದಾಗ ನೀರನ್ನು ಬೇಗ ಹೀರುವುದೂ ಇಲ್ಲ. ಹೊದಿಕೆಗೆ ಹೇಳಿ ಮಾಡಿಸಿದ ಹಾಗಿದೆ. ಹಾಸಿಗೆ ಮಾತ್ರ ಆಗುವುದಿಲ್ಲ. ಎಷ್ಟು ಮೆಟ್ಟಿದರೂ ಸ್ಪಂಜಿನ ಹಾಗೆ ಕುಸಿಯುತ್ತದೆ, ಟ್ರ್ಯಾಪ್ ಅಲುಗುತ್ತದೆ. ಒಮ್ಮೆ ನೆನೆಯಿತೋ, ತನ್ನ ಒಣ ತೂಕದ 20 ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆ ಮೇಲೆ ಅದು ಹೆಪ್ಪುಗಟ್ಟಿದರೆ ಸುತ್ತಿಗೆಯೇ ಬೇಕು. ಇನ್ನೊಂದು ತೊಂದರೆ ಬಣ್ಣದ್ದು. ಹೊಸ ಹಿಮ ಬಿಸಿಲಿನ 80-90 ಪರ್ಸೆಂಟ್ ಬೆಳಕನ್ನು ವಾಪಸ್ ಕಳಿಸುತ್ತದೆ. ಕಡು ಕಂದು ಪೀಟ್ ಬಹುಪಾಲನ್ನು ಹೀರುತ್ತದೆ. ಹಾಗಾಗಿ ಸುತ್ತ ಹಿಮ ಇರುವಾಗ ಆ ಜಾಗ ಮೊದಲು ಕರಗುತ್ತದೆ, ನೀರು ಪೀಟಿಗೇ ಇಳಿಯುತ್ತದೆ, ರಾತ್ರಿ ಗಟ್ಟಿಯಾಗುತ್ತದೆ. ಹಿಮ ಇಲ್ಲದ ಒಣ ಚಳಿಗೆ ಪೀಟ್ ಒಳ್ಳೆಯದು. ಹಿಮ ಬಿದ್ದು ಕರಗುವ ದಿನಗಳಿಗೆ ಬೇಡ.

ಹೊಟ್ಟು, ಕತ್ತರಿಸಿದ ಒಣ ಹುಲ್ಲು, ಬಕ್‌ವೀಟ್ ಎಂಬ ಕಾಳಿನ ಸಿಪ್ಪೆ, ಪುಡಿ ಮಾಡಿದ ತರಗೆಲೆ, ಪೈನ್ ಮರದ ಸೂಜಿಯೆಲೆ, ಕೊಳೆತು ಲಡ್ಡಾದ ಮರದ ಪುಡಿ, ಇವೆಲ್ಲ ಒಂದೇ ಗುಂಪಿನವು. ತುಣುಕುಗಳ ನಡುವೆ ಗಾಳಿ ಜಾಸ್ತಿ, ಒಂದಕ್ಕೊಂದು ತಾಗುವ ಜಾಗ ಕಡಿಮೆ. ಹಾಗಾಗಿ ಸ್ವಲ್ಪ ತೇವ ಆದರೂ ಒಂದೇ ಬಿಲ್ಲೆಯಾಗಿ ಗಟ್ಟಿಯಾಗುವುದಿಲ್ಲ, ಒತ್ತಿದರೆ ಮುರಿಯುತ್ತದೆ. ಬಯಲಿನ ಗಾಳಿಗೆ ಮಾತ್ರ ಇವು ನಿಲ್ಲುವುದಿಲ್ಲ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಹಿಡಿದಿಡಬೇಕು. ಹೊಟ್ಟಿನಲ್ಲಿ ಕಾಳು ಉಳಿದಿದ್ದರೆ ಹಕ್ಕಿ, ಇಲಿ ಬರುತ್ತವೆ. ಇಲಿ ಬಿಲ ತೋಡಿ ಹಾಸನ್ನೇ ಕೆಡಿಸುತ್ತದೆ. ಹಕ್ಕಿ ಸಿಕ್ಕಿಬಿದ್ದರೆ ಅನ್ಯಾಯವಾಗಿ ಒಂದು ಜೀವ ಹೋಗುತ್ತದೆ. ಕಾಳು ಪೂರ್ತಿ ತೂರಿದ ಹೊಟ್ಟನ್ನೇ ಬಳಸಬೇಕು ಅಂತ ಹೇಳುವುದು ಇದಕ್ಕೇ. ತರಗೆಲೆ ಕಾಡಿನೊಳಗೆ ಸಹಜ, ಬಯಲಿನಲ್ಲಿ ಎದ್ದು ಕಾಣುತ್ತದೆ.

ಉಪ್ಪು ಬೆರೆಸುವವರೂ ಇದ್ದಾರೆ. ಅಡುಗೆ ಉಪ್ಪಿನ ದ್ರಾವಣ ಮೈನಸ್ 21 ಡಿಗ್ರಿವರೆಗೂ ನೀರಾಗಿ ಇರಬಲ್ಲದು, ಕ್ಯಾಲ್ಸಿಯಂ ಕ್ಲೋರೈಡ್ ಅದಕ್ಕಿಂತ ಎಷ್ಟೋ ಕೆಳಗಿನವರೆಗೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಕಬ್ಬಿಣ ತುಕ್ಕು ಹಿಡಿದು ಪ್ಯಾನ್ ಬಿಗಿಯಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಉಪ್ಪು ನೆಕ್ಕಲು ಜಿಂಕೆ ಬರುತ್ತದೆ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಅಂತೂ ಬೇಡವೇ ಬೇಡ. ರುಚಿ ಸಿಹಿ, ನಾಯಿ-ನರಿಗಳಿಗೆ ಕಡು ವಿಷ.

ಉಳಿದದ್ದು ಹಿಮ. ಉತ್ತರಕ್ಕೆ ಹೋದಂತೆ, ಯೂಕಾನ್, ಅಲಾಸ್ಕಾ ಕಡೆ, ನೆಲವೇ ಕಾಣದಿರುವಾಗ ಹಿಮವೇ ಹಾಸು, ಹಿಮವೇ ಹೊದಿಕೆ. ಇಲ್ಲಿ ಒಂದು ಗುಣ ತಿಳಿದಿರಬೇಕು. ಕೆದಕಿದ, ತುಳಿದ ಹಿಮ ಸುಮ್ನೆ ಬಿಟ್ಟರೂ ತಾನಾಗಿ ಗಟ್ಟಿಯಾಗುತ್ತದೆ. ಕರಗಿ ಹೆಪ್ಪುಗಟ್ಟಲೇಬೇಕು ಅಂತಿಲ್ಲ. ಮುರಿದ ಹರಳುಗಳು ಒಂದಕ್ಕೊಂದು ತಾಗಿದ ಕಡೆ ಮಂಜುಗಡ್ಡೆಯ ಸಣ್ಣ ಬೆಸುಗೆ ಬೆಳೆಯುತ್ತದೆ. ಇವತ್ತು ಕಾಲು ಹೂತುಹೋದ ದಾರಿ ನಾಳೆ ಗಟ್ಟಿಯಾಗಿ ನಡೆಯುವ ಹಾಗೆ ಆಗುವುದು ಇದರಿಂದಲೇ. ಹೊದಿಕೆಗೆ ಇದು ಶತ್ರು. ಹಾಸಿಗೆ ಇದೇ ಮಿತ್ರ! ಹಿಮವನ್ನು ಚೆನ್ನಾಗಿ ತುಳಿದು, ಒಂದು ರಾತ್ರಿ ಬಿಟ್ಟು, ಮರುದಿನ ಅದರ ಮೇಲೆ ಟ್ರ್ಯಾಪ್ ಕೂರಿಸಿದರೆ ಹಾಸು ಅಲುಗುವುದಿಲ್ಲ.

ಹೊದಿಕೆಗೆ ಬೇರೆ ಹಿಮ ಬೇಕು. ದಟ್ಟವಾಗಿ ಬಿದ್ದ ಹಿಮದ ತಳದಲ್ಲಿ, ನೆಲಕ್ಕೆ ತಾಗಿದ ಕಡೆ, ಬೇರೆಯೇ ಥರದ ಹರಳು ಇರುತ್ತದೆ. ನೆಲ ಮೇಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಕೆಳಗಿನ ಹಿಮ ಆವಿಯಾಗಿ ಮೇಲೇರಿ ಮತ್ತೆ ಹರಳಾಗುತ್ತದೆ. ಹೀಗೆ ಆಗುತ್ತಾ ಆಗುತ್ತಾ ದಪ್ಪ, ಮೂಲೆಗಳುಳ್ಳ ಹರಳುಗಳು ಉಳಿಯುತ್ತವೆ. ಶುಗರ್ ಸ್ನೋ ಅನ್ನುತ್ತಾರೆ. ಅಂಗೈಯಲ್ಲಿ ತೆಗೆದುಕೊಂಡು ಓರೆ ಮಾಡಿದರೆ ಒಂದೊಂದು ಹರಳೂ ಬೇರೆ ಬೇರೆಯಾಗಿ ಜಾರುತ್ತದೆ. ಹಿಸುಕಿದರೂ ಉಂಡೆ ಕಟ್ಟುವುದಿಲ್ಲ. ಒಂದಕ್ಕೊಂದು ಬೆಸೆದುಕೊಳ್ಳುವುದು ಬಹಳ ನಿಧಾನ. ಹಿಮಕುಸಿತದ ಭಯ ಇರುವ ಬೆಟ್ಟಗಳಲ್ಲಿ ಇದೇ ಪದರ ಅಪಾಯಕಾರಿ, ಮೇಲಿನ ಹಿಮವನ್ನು ಹಿಡಿದಿಡುವುದಿಲ್ಲ ಅಂತ. ಟ್ರ್ಯಾಪ್ ಮೇಲೆ ಉದುರಿಸಲು ಅದೇ ಗುಣ ಬೇಕು. ಕೊನೆಗೆ ಬಣ್ಣ ಹೊಂದಲಿ ಅಂತ ಹೊಸ ಹಿಮ ಒಂದು ಚಿಟಿಕೆ.

ಇನ್ನೊಂದು ಮಾತು ಮರೆಯಬಾರದು. ಬೆಚ್ಚಗಿನ ಗಾಡಿಯೊಳಗಿಂದ ತೆಗೆದ ಟ್ರ್ಯಾಪನ್ನು ನೇರವಾಗಿ ಹಿಮದಲ್ಲಿ ಇಟ್ಟರೆ, ತಾಗಿದ ಹಿಮ ಕರಗಿ ಕಬ್ಬಿಣಕ್ಕೇ ಮಂಜುಗಡ್ಡೆಯಾಗಿ ಅಂಟುತ್ತದೆ. ಟ್ರ್ಯಾಪ್, ಒಣ ಮಣ್ಣಿನ ಡ್ರಮ್, ಕೈಗವಸು ಎಲ್ಲವೂ ಹೊರಗಿನ ಚಳಿಗೆ ಹೊಂದಿಕೊಂಡ ಮೇಲೆಯೇ ಕೆಲಸ ಶುರು ಮಾಡಬೇಕು.

ಪ್ಯಾನ್ ಕೆಳಗಿನ ಖಾಲಿ ಜಾಗವೂ ಮುಖ್ಯ. ಅಲ್ಲಿ ಮಣ್ಣೋ ಹಿಮವೋ ತುಂಬಿಕೊಂಡರೆ ಪ್ಯಾನ್ ಇಳಿಯುವುದಿಲ್ಲ. ಈಗ ಮೇಣದ ಕಾಗದ, ಸಣ್ಣ ಜಾಲರಿ ಮುಚ್ಚುತ್ತಾರೆ. ಪ್ಯಾನ್ ಅಡಿಗೆ ಒಣ ಹುಲ್ಲೋ ಉಣ್ಣೆಯೋ ಸಡಿಲವಾಗಿ ಇಡುವುದೂ ಇದೆ. ಉಣ್ಣೆ ನೆನೆದರೂ ಮುದ್ದೆಯಾಗಿ ಕೂರುವುದಿಲ್ಲ, ಒತ್ತಿದರೆ ಬಗ್ಗುತ್ತದೆ.

ಇಷ್ಟೆಲ್ಲ ಹೇಳಿದರೂ, ಜಾಗದ ಆಯ್ಕೆಯನ್ನು ಮೀರಿಸುವ ವಸ್ತು ಇಲ್ಲ. ದಟ್ಟ ಸ್ಪ್ರೂಸ್ ಮರದ ಬುಡದಲ್ಲಿ ಹಿಮ ಬೀಳುವುದೇ ಕಡಿಮೆ. ಉದುರಿದ ಸೂಜಿಯೆಲೆ ಒಣಗಿ ಹಾಸಿರುತ್ತದೆ. ಲಿಂಕ್ಸ್ ಎಂಬ ಕಾಡುಬೆಕ್ಕನ್ನು ಹಿಡಿಯಲು ಸ್ಪ್ರೂಸ್ ರೆಂಬೆಗಳಿಂದ ಪುಟ್ಟ ಗುಡಿಸಲು ಕಟ್ಟಿ, ಅದರ ಬಾಯಲ್ಲಿ ಟ್ರ್ಯಾಪ್ ಇಡುವ ಕ್ರಮ ಹಳೆಯದು. ಕೆಳಗೂ ರೆಂಬೆ ಹಾಸಿದರೆ ಕಬ್ಬಿಣ ನೆಲಕ್ಕೆ ಹೆಪ್ಪುಗಟ್ಟಿ ಅಂಟುವುದಿಲ್ಲ. ನಮ್ಮ ಅರಣ್ಯ ಇಲಾಖೆಯವರೂ ಚಿರತೆ ಹಿಡಿಯುವ ಬೋನಿಗೆ ಸೊಪ್ಪು ಹೊದಿಸುತ್ತಾರೆ, ಆದರೆ ಅಲ್ಲಿ ಬೇಕಿರುವುದು ಮರೆ ಮತ್ತು ನೆರಳು. ಇಲ್ಲಿ ಬೇಕಿರುವುದು ಸೂರು.

ಹಾಸು ಹೊದಿಕೆಯ ಬಗ್ಗೆ ಇಷ್ಟು ಕಾಳಜಿ ಯಾಕೆ ಅಂದರೆ, ಕೆಟ್ಟ ಕೆಲಸದ ಬೆಲೆ ತೆರುವುದು ಪ್ರಾಣಿ. ಅರ್ಧ ಹೆಪ್ಪುಗಟ್ಟಿದ ಟ್ರ್ಯಾಪ್ ನಿಧಾನವಾಗಿ ಏಳುತ್ತದೆ. ಆಗ ಪಾದ ಪೂರ್ತಿ ಸಿಗುವುದಿಲ್ಲ, ಬೆರಳಷ್ಟೇ ಸಿಗುತ್ತದೆ. ಪ್ರಾಣಿ ಎಳೆದಾಡಿ, ಗಾಯ ಮಾಡಿಕೊಂಡು ಓಡಿಹೋಗುತ್ತದೆ. ಸರಿಯಾಗಿ ಸಿಕ್ಕಿದ್ದರೂ ಕಡು ಚಳಿಯಲ್ಲಿ ರಕ್ತ ಓಡಾಟ ಕಡಿಮೆಯಾದ ಕಾಲು ಹೆಪ್ಪುಗಟ್ಟಬಹುದು. ತೋಳಗಳಿಗೆ ರೇಡಿಯೋ ಕಾಲರ್ ಹಾಕುವ ಸಂಶೋಧಕರು ಇಂಥ ಟ್ರ್ಯಾಪ್ ಬಳಸುವಾಗ ಕಡು ಚಳಿಯ ದಿನಗಳನ್ನು ತಪ್ಪಿಸುವುದು ಇದಕ್ಕಾಗಿ. ಯುರೋಪಿಯನ್ ಒಕ್ಕೂಟ 1991ರ ನಿಯಮದ ಮೂಲಕ ಇಂಥ ಟ್ರ್ಯಾಪ್ ಬಳಕೆಯನ್ನೇ ನಿಲ್ಲಿಸಿತು. ಹಿಡಿಯುವ ವಿಧಾನ ಎಷ್ಟು ನೋವಿನದ್ದು ಅನ್ನುವುದಕ್ಕೆ ಅಳತೆಗೋಲು ಇಡುವ ಒಪ್ಪಂದಕ್ಕೆ ಕೆನಡಾ 1997ರಲ್ಲಿ ಸಹಿ ಹಾಕಿತು. ಈ ಕಸುಬು ಇರಬೇಕಾ ಬೇಡವಾ ಅನ್ನುವ ವಾದ ಅಲ್ಲಿ ಇನ್ನೂ ನಡೆಯುತ್ತಿದೆ. ಇರುವಷ್ಟು ದಿನ ಟ್ರ್ಯಾಪ್ ಒಂದೋ ಸರಿಯಾಗಿ ಕೆಲಸ ಮಾಡಬೇಕು, ಇಲ್ಲವೇ ನೆಲದಲ್ಲಿ ಇರಲೇಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ದಿನವೂ ಹೋಗಿ ನೋಡುವುದು ಆ ಕಾರಣಕ್ಕೇ ಮುಖ್ಯ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ 24 ಗಂಟೆಯೊಳಗೆ ನೋಡಲೇಬೇಕು ಅನ್ನುವ ನಿಯಮ ಇದೆ. ನೋಡಲು ಹೋದಾಗ ಪ್ರಾಣಿ ಸಿಕ್ಕಿದೆಯಾ ಅಂತಷ್ಟೇ ಅಲ್ಲ, ಹೊದಿಕೆಯ ಅಂಚನ್ನು ಕಡ್ಡಿಯಿಂದ ಮೆಲ್ಲಗೆ ಒತ್ತಿ ನೋಡಬೇಕು. ಕಡ್ಡಿ ಇಳಿದರೆ ಸರಿ. ಪಟ್ ಅಂತ ತಡೆದರೆ ಟ್ರ್ಯಾಪ್ ತೆಗೆದು, ಗುಳಿ ಬಿಡಿಸಿ, ಹೊಸ ಒಣ ಮಣ್ಣಿನಿಂದ ಮತ್ತೆ ಕೂರಿಸಬೇಕು. ಒದ್ದೆಯಾದ ಹಳೆಯ ಮಣ್ಣನ್ನು ಅದೇ ಗುಳಿಗೆ ಹಾಕಬಾರದು. ಮುನ್ಸೂಚನೆಯಲ್ಲಿ ಮಳೆ ಬಂದು ಬಿದ್ದಲ್ಲೇ ಹೆಪ್ಪುಗಟ್ಟುವ ಲಕ್ಷಣ ಇದ್ದರೆ ಯಾವ ಹೊದಿಕೆಯೂ ತಡೆಯುವುದಿಲ್ಲ. ಮೇಣದ ಮಣ್ಣಾಗಲಿ, ಹೊಟ್ಟಾಗಲಿ, ಎಲ್ಲದರ ಮೇಲೂ ಗಾಜಿನಂಥ ಪದರ ಬೀಳುತ್ತದೆ. ಅಂಥ ದಿನಕ್ಕೆ ಮುಂಚೆಯೇ ಟ್ರ್ಯಾಪ್‌ಗಳನ್ನು ಮುಚ್ಚಿ, ಎತ್ತಿ ಮನೆಗೆ ತರುವುದೇ ಸರಿ.